ಮೊದಲು ತಲುಪಿದವರು ಮಂಜು ಹೇಳಬೇಕು

ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಒಂದು ಬೆಡ್‌ಶೀಟ್ ಮಡಚಲು ಇಬ್ಬರು ಬೇಕು. ಒಬ್ಬರು ಆ ತುದಿ, ಒಬ್ಬರು ಈ ತುದಿ. ಝಾಡಿಸಿ, ಎಳೆದು, ಅಂಚಿಗೆ ಅಂಚು ಕೂಡಿಸಿ, ನಡೆದು ಬಂದು ಎದುರುಬದುರು ನಿಲ್ಲಬೇಕು. ಬಟ್ಟೆಯ ಅಂಚು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಆ ಗಳಿಗೆಯಲ್ಲಷ್ಟೇ ಮಾತು ಕಿವಿಗೆ ಬೀಳುತ್ತದೆ. ದೂರ ಸರಿದರೆ ಒಗೆಯುವ ಯಂತ್ರಗಳ ಗದ್ದಲದಲ್ಲಿ ದೇವರು ಕೂಗಿದರೂ ಕೇಳಿಸದು. ಹಾಗಾಗಿ ನಮ್ಮಲ್ಲಿ ಯಾವ ಕತೆಯೂ ಒಂದೇ ಉಸಿರಿಗೆ ಮುಗಿಯುವುದಿಲ್ಲ. ಒಂದು ಮಡಿಕೆಗೆ ಒಂದು ಮಾತು. ಈಗ ಹೇಳುತ್ತಿರುವುದನ್ನೂ ನಾನು ಹಾಗೆಯೇ ಕೇಳಿಸಿಕೊಂಡದ್ದು, ಚಿಕ್ಕಮ್ಮನ ಬಾಯಿಂದ, ರಾಶಿ ರಾಶಿ ಬೆಡ್‌ಶೀಟುಗಳ ನಡುವೆ.

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ನನ್ನನ್ನು ಈ ಕೆಲಸಕ್ಕೆ ಸೇರಿಸಿದವಳೂ ಅವಳೇ, ಬೈದು ಬೈದು ಕಲಿಸಿದವಳೂ ಅವಳೇ. ಗಿಡ್ಡಗೆ, ದುಂಡಗೆ ಇದ್ದಾಳೆ. ಹಬೆಯಲ್ಲಿ ಬೆಂದು ಬೆಂದು ಅವಳ ಅಂಗೈಗಳು ಎಳೆಮಕ್ಕಳ ಅಂಗೈಯಂತೆ ಕೆಂಪಗಿವೆ. ಮಡಚುವ ಮುಂಚೆ ಪ್ರತಿ ಬೆಡ್‌ಶೀಟನ್ನೂ ಕಿಟಕಿಗೆ ಹಿಡಿದು ನೋಡುತ್ತಾಳೆ. ನಡುಭಾಗದಲ್ಲಿ ಬೆಳಕು ತೂರಿ ಬಂದರೆ ಅದು ಸವೆದಿದೆ ಎಂದರ್ಥ, ತೆಗೆದಿಡಬೇಕು, ಇಲ್ಲದಿದ್ದರೆ ರೋಗಿ ಮಗ್ಗುಲು ಬದಲಿಸಿದಾಗ ಹರಿಯುತ್ತದೆ. ನೋಡಬೇಕಾದದ್ದು ಒಂದು ಚಣ. ಇವಳು ಹಿಡಿದುಕೊಂಡು ನಿಂತೇ ಬಿಡುತ್ತಾಳೆ. ಮೇಲ್ವಿಚಾರಕಿ ಅತ್ತ ಕಡೆಯಿಂದ ಕೈ ಬೀಸಿ ಬೀಸಿ ಸೋತ ಮೇಲೆ, ಎಲ್ಲಿಂದಲೋ ಇಳಿದು ಬಂದವಳಂತೆ ನನ್ನ ಕಡೆ ನೋಡಿ, "ಹಿಡ್ಕೊಳ್ಳೇ, ಏನ್ ನೋಡ್ತಿದ್ದೀಯ?" ಎಂದು ನನಗೇ ಗದರಿಸುತ್ತಾಳೆ. ಕನಸು ಕಾಣುವುದು ಅವಳು, ಬೈಸಿಕೊಳ್ಳುವುದು ನಾನು.

ಚಿಕ್ಕಪ್ಪನದು ಬೀಗ ರಿಪೇರಿ, ಕೀಲಿಕೈ ಮಾಡುವ ಕೆಲಸ. ಅಂಗಡಿ ಎಷ್ಟು ಇಕ್ಕಟ್ಟು ಎಂದರೆ ಗಿರಾಕಿ ಒಳಗೆ ಬಂದರೆ ಚಿಕ್ಕಪ್ಪ ಉಸಿರು ಒಳಗೆಳೆದುಕೊಳ್ಳಬೇಕು. ಉದ್ದನೆಯ ಕಾಲು, ಉದ್ದನೆಯ ಕೈ, ಮಾತು ಮಾತ್ರ ತುಂಡು. ಬಾಯಿಗೂ ಒಂದು ಬೀಗ ಮಾಡಿ ಹಾಕಿಕೊಂಡಿದ್ದಾರೆ, ಅದರ ಕೀಲಿಕೈ ಬೆಟ್ಟದ ತುದಿಯಲ್ಲಿಟ್ಟಿದ್ದಾರೆ ಎಂದು ನಾವೆಲ್ಲ ನಗುತ್ತೇವೆ. ಏಕೆಂದರೆ ಅವರು ಬಾಯ್ತುಂಬ ಮಾತಾಡುವುದು ವಾರಕ್ಕೊಂದೇ ಸಲ, ಭಾನುವಾರ ಬೆಳಗ್ಗೆ, ಆ ತುದಿಯಲ್ಲಿ.

ನಮ್ಮ ಊರಿನ ಬೆನ್ನಿಗೆ ಒಂದು ಬೆಟ್ಟವಿದೆ. ದಪ್ಪ ಟೈರಿನ ಸೈಕಲ್ಲುಗಳಲ್ಲಿ ಅದನ್ನು ಹತ್ತಿ ಇಳಿಯುವ ಒಂದು ಗುಂಪು ಇದೆ. ಮೈತುಂಬ ಕೆಸರು, ಮೊಣಕೈಯಲ್ಲಿ ತರಚಿದ ಗಾಯ, ಮುಖದಲ್ಲಿ ಮಾತ್ರ ಬಹುಮಾನ ಗೆದ್ದವರ ಕಳೆ. ಈ ಹುಚ್ಚು ನನಗೆ ಅರ್ಥವಾಗುವುದಿಲ್ಲ. ಕೆಳಗೆ ಇಳಿಯಲೇಬೇಕಾದ ಜಾಗಕ್ಕೆ ಹತ್ತುವುದೇಕೆ? ಚಿಕ್ಕಮ್ಮನಿಗೂ ಮದುವೆಯಾದ ಹೊಸದರಲ್ಲಿ ಇದೇ ಪ್ರಶ್ನೆ. ಭಾನುವಾರ ಬೆಳಕು ಹರಿಯುವ ಮೊದಲೇ ಗಂಡ ಮಾಯ. ಹಿಂದಿರುಗುವಾಗ ಅವಳೆಂದೂ ಕಾಣದ ಒಂದು ಖುಷಿ ಅವರ ಮುಖದಲ್ಲಿ. "ಸವತಿ ಇದ್ದಿದ್ರೆ ಜುಟ್ಟು ಹಿಡಿದು ಕೇಳಬಹುದಿತ್ತು ಕಣೇ, ಬೆಟ್ಟದ ಜುಟ್ಟು ಹಿಡಿಯೋದು ಹೇಗೆ?" ಎನ್ನುತ್ತಾಳೆ ಈಗಲೂ. ಕೊನೆಗೆ ಜುಟ್ಟು ಹಿಡಿಯಲೆಂದೇ ಸೈಕಲ್ ಕಲಿತಳು. ಆಸ್ಪತ್ರೆಯ ಹಿಂದಿನ ಮೈದಾನದಲ್ಲಿ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಇಳಿಜಾರಿನಲ್ಲಿ ಎರಡೂ ಬ್ರೇಕ್ ಗಟ್ಟಿಯಾಗಿ ಅಮುಕಿ ಕೀರಲು ಸದ್ದು ಮಾಡುತ್ತ ಬರುವುದರಿಂದ ಗುಂಪಿನವರು ಅವಳಿಗೆ ಬ್ರೇಕಮ್ಮ ಎಂದು ಹೆಸರಿಟ್ಟರು. ಚಿಕ್ಕಪ್ಪನನ್ನು ಅವರೆಲ್ಲ ಏಣಿ ಎನ್ನುತ್ತಾರೆ. ಹತ್ತುವುದರಲ್ಲಿ ಅವರನ್ನು ಹಿಂದೆ ಹಾಕಿದವರು ಯಾರೂ ಇರಲಿಲ್ಲ.

ಆ ಬೆಟ್ಟಕ್ಕೆ ಹೋಗುವುದು ಒಂದೇ ದಾರಿ, ದಾರಿಗೆ ಒಂದೇ ಗೇಟು. ಬೆಳಕು ಹರಿದ ಮೇಲಷ್ಟೇ ಕಾವಲುಗಾರ ಅಡ್ಡಗಂಬ ಎತ್ತುತ್ತಾನೆ, ಅದಕ್ಕೂ ಮೊದಲು ಹಕ್ಕಿಗಷ್ಟೇ ಪ್ರವೇಶ. ಚಳಿಗಾಲದಲ್ಲಿ ಊರು ಪೂರ್ತಿ ಮಂಜಿನಲ್ಲಿ ಮುಳುಗಿರುತ್ತದೆ, ಗೇಟಿನಲ್ಲಿ ನಿಂತವರಿಗೆ ಪಕ್ಕದವರ ಮುಖ ಕಾಣುವುದಿಲ್ಲ. ಅರ್ಧ ಹತ್ತುವಷ್ಟರಲ್ಲಿ ಮಂಜು ಕಾಲಡಿಗೆ ಉಳಿಯುತ್ತದೆ, ಆದರೆ ಎರಡೂ ಬದಿ ಮರಗಳು ಒತ್ತಾಗಿ ನಿಂತಿರುವುದರಿಂದ ಕೆಳಗೆ ಏನೂ ಕಾಣುವುದಿಲ್ಲ. ಬಯಲು ತೆರೆಯುವುದು ತುದಿಯಲ್ಲೇ. ಅಲ್ಲಿ ಒಂದು ಹಾಸುಬಂಡೆ. ಗೇಟು ಬರುವ ಮೊದಲಿನ ಕಾಲದಲ್ಲಿ, ಗುಂಪಿನಲ್ಲೊಬ್ಬರಾದ ಬೇಕರಿಯವರ ಅಪ್ಪ ನಸುಕಿನಲ್ಲೇ ನಡೆದು ಹತ್ತಿ, ಆ ಬಂಡೆಯ ಮೇಲಿಂದ ಮಂಜನ್ನು ಕಂಡಿದ್ದರಂತೆ. ಕಾಲ ಕೆಳಗೆ ಊರೇ ಇಲ್ಲ, ಬರೀ ಬಿಳಿ. ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೆ ಎಲ್ಲ ಮಾಯ. ಆದ್ದರಿಂದ ಅದು ಕಾಲಿನಲ್ಲಿ ಬಲವಿದ್ದವರ ಸೊತ್ತು. ಗುಂಪಿನಲ್ಲಿ ಒಂದು ಪದ್ಧತಿ ಬೆಳೆದುಬಂತು: ತುದಿಗೆ ಮೊದಲು ತಲುಪಿದವರು ಉಳಿದವರಿಗೆ ಮಂಜು ಹೇಳಬೇಕು. ಹೇಳುವಾಗ ಯಾರೂ ನಡುವೆ ಬಾಯಿ ಹಾಕಬಾರದು.

ಪ್ರತಿ ವಾರವೂ ಮೊದಲು ತಲುಪುತ್ತಿದ್ದದ್ದು ಚಿಕ್ಕಪ್ಪ. ಮಂಜು ಹೇಳುತ್ತಿದ್ದದ್ದೂ ಅವರೇ.

ಮತ್ತು ಎಂಥಾ ಮಂಜು! ಕೀಲಿಕೈ ಕೊಟ್ಟು "ಆಯ್ತು" ಎನ್ನುವುದಕ್ಕೂ ಜಿಪುಣತನ ತೋರಿಸುವ ಮನುಷ್ಯ ಬಂಡೆಯ ಮೇಲೆ ಕೂತು ಮಾತಿನ ಗಂಟು ಬಿಚ್ಚುತ್ತಿದ್ದರು. ಒಂದು ವಾರ ಮಂಜು ಕಡಲಿನಂತೆ ಅಲೆಯೆದ್ದು ಬೆಟ್ಟದ ಬುಡಕ್ಕೆ ಬಡಿಯಿತು. ಒಂದು ವಾರ ಕುರಿಮಂದೆಯಂತೆ ಒಂದರ ಮೇಲೊಂದು ಒತ್ತಿಕೊಂಡು ಪೂರ್ವಕ್ಕೆ ಹೋಯಿತು. ಇನ್ನೊಂದು ವಾರ ನಡುವೆ ಸೀಳಿ, ಸೀಳಿನಲ್ಲಿ ಬಿಸಿಲು ಇಳಿದು, ಆಳದಲ್ಲಿ ಎಲ್ಲೋ ಒಂದು ಕೆಂಪು ಹಾದಿ ಕಂಡಿತು. ಚಿಕ್ಕಮ್ಮ ಎಲ್ಲರಿಗಿಂತ ಕೊನೆಗೆ, ಕಡಿದಾದ ಕಡೆ ಸೈಕಲ್ ತಳ್ಳಿಕೊಂಡು, ಏದುಸಿರು ಬಿಡುತ್ತ ತಲುಪುವ ಹೊತ್ತಿಗೆ ಕೆಳಗೆ ಊರಿನ ಚಾವಣಿಗಳು, ನೀರಿನ ಟ್ಯಾಂಕುಗಳು, ಒಣಹಾಕಿದ ಬಟ್ಟೆಗಳು. "ಹೇಗಿತ್ತು, ಹೇಳಿ" ಎನ್ನುತ್ತಿದ್ದಳು. ಚಿಕ್ಕಪ್ಪ ಅವಳಿಗಾಗಿ ಮತ್ತೊಮ್ಮೆ ಮೊದಲಿನಿಂದ ಹೇಳುತ್ತಿದ್ದರು. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು.

ಆ ಮಂಜು ಸೋಮವಾರ ನಮ್ಮಲ್ಲಿಗೆ ಬರುತ್ತಿತ್ತು. ಇಸ್ತ್ರಿ ರೋಲರಿನ ಹತ್ತಿರ ನಿಂತ ಹೆಂಗಸರೆಲ್ಲ, "ಈ ವಾರ ಹೇಗಿತ್ತಂತೆ?" ಎಂದು ಕೇಳುವರು. ಚಿಕ್ಕಮ್ಮ ಮಡಿಕೆಗೊಂದು ಮಾತಿನಂತೆ ಹೇಳುವಳು. ವರ್ಷಗಟ್ಟಲೆ ನಡೆದ ವ್ಯವಹಾರ ಇದು. ನಾನು ಒಮ್ಮೆ, "ನೀನು ಕಣ್ಣಾರೆ ನೋಡಿದ್ದೀಯಾ ಚಿಕ್ಕಮ್ಮ?" ಎಂದು ಕೇಳಿದ್ದಕ್ಕೆ ಬೆಡ್‌ಶೀಟು ನನ್ನ ಕೈಯಿಂದ ಕಿತ್ತು ಹೋಗುವಂತೆ ಎಳೆದಳು. ಆಮೇಲೆ ಮೆಲ್ಲಗೆ, "ಒಂದೇ ಒಂದು ಸಲ ನೋಡಬೇಕು ಕಣೇ" ಎಂದಳು. "ಈ ಕಾಲು ಪೂರ್ತಿ ಸೋಲೋದರೊಳಗೆ."

ಹೋದ ಚಳಿಗಾಲದ ಆರಂಭದಲ್ಲಿ ಬೇಕರಿಯವರು ಬ್ಯಾಟರಿ ಸೈಕಲ್ ತಂದರು. ಒಲೆಯ ಮುಂದೆ ನಿಂತು ನಿಂತು ಅವರ ಮಂಡಿ ಸವೆದಿತ್ತು. ತಂದ ಎರಡೇ ವಾರಕ್ಕೆ ಮಂಡಿಯ ಆಪರೇಷನ್ ಆಯಿತು, ಸೈಕಲ್ ಹಿಟ್ಟಿನ ಮೂಟೆಗಳ ಪಕ್ಕದಲ್ಲಿ ನಿಂತುಬಿಟ್ಟಿತು. "ಸುಮ್ನೆ ನಿಂತ್ರೆ ಬ್ಯಾಟರಿ ಕೆಡುತ್ತೆ ಬ್ರೇಕಮ್ಮ. ನಾನು ಏಳೋವರೆಗೂ ನೀವು ಓಡಿಸಿ," ಎಂದು ಚಿಕ್ಕಮ್ಮನ ಕೈಗೆ ಕೊಟ್ಟರು.

ಅಷ್ಟೇ, ಗುಂಪಿನಲ್ಲಿ ಗಲಾಟೆ ಹತ್ತಿಕೊಂಡಿತು. ಪಂಚಾಯಿತಿ ಸೇರಿದ್ದು ಬೇಕರಿಯಲ್ಲೇ, ಮಂಡಿಗೆ ಪಟ್ಟಿ ಸುತ್ತಿಕೊಂಡು ಕಾಲು ಚಾಚಿ ಕೂತಿದ್ದ ಬೇಕರಿಯವರ ಸುತ್ತ. ಬ್ರೆಡ್ಡಿನ ಆಸೆಗೆ ನಾನೂ ಹೋಗಿದ್ದೆ.

ಮೇಷ್ಟ್ರು ಗುಂಪಿನ ಹಿರಿಯರು, ಲೆಕ್ಕ ಕಲಿಸುತ್ತಿದ್ದು ನಿವೃತ್ತರಾದವರು. "ಬೆಟ್ಟ ಅನ್ನೋದು ಉಸಿರು ಕೊಟ್ಟು ಹತ್ತೋದು," ಎಂದರು. "ಗುಂಡಿ ಒತ್ತಿ ಹತ್ತೋದಾದ್ರೆ ಲಿಫ್ಟ್ ಹಾಕಿಸಿ, ಬಾಗಿಲಲ್ಲಿ ಕೂತು ಟಿಕೆಟ್ ಹರೀರಿ."

"ನನ್ನ ಮಂಡಿ ಬಿಚ್ಚಿ ನಿಮಗೆ ಹಾಕ್ತೀನಿ ಮೇಷ್ಟ್ರೇ, ಒಂದ್ಸಲ ಹತ್ತಿ ಬನ್ನಿ," ಎಂದರು ಬೇಕರಿಯವರು. "ಅದೇನು ತಾನಾಗೇ ಓಡುತ್ತಾ? ನಾವು ತುಳಿದ್ರೆ ಮಾತ್ರ ಅದು ನೂಕುತ್ತೆ. ಬೆನ್ನ ಮೇಲೆ ಯಾರೋ ಕೈ ಇಟ್ಟ ಹಾಗೆ, ಅಷ್ಟೇ."

ಔಷಧಿ ಅಂಗಡಿಯ ಅಕ್ಕ ಗುಂಪಿನಲ್ಲಿ ಇಳಿಜಾರಿನ ರಾಣಿ. ಹತ್ತುವ ವಿಷಯದಲ್ಲಿ ಆಕೆ ತಲೆ ಕೆಡಿಸಿಕೊಂಡವಳಲ್ಲ. "ಹತ್ತೋವಾಗ ಮೋಟರಾದ್ರೂ ಹಾಕ್ಕೊಳ್ಳಿ, ರೆಕ್ಕೆಯಾದ್ರೂ ಕಟ್ಕೊಳ್ಳಿ. ಇಳಿಯೋವಾಗ ಅಷ್ಟು ಭಾರದ ಗಾಡಿ ನನ್ನ ಬೆನ್ನ ಹಿಂದೆ ಬರೋದು ಬೇಡ. ತಿರುವಲ್ಲಿ ಮೈಮೇಲೆ ಬಂದ್ರೆ ನನ್ನ ಮಾತ್ರೆ ನಾನೇ ನುಂಗಬೇಕಾಗುತ್ತೆ."

ಎಲ್ಲರೂ ನಕ್ಕರು. ಆಗ ಚಿಕ್ಕಪ್ಪ ಎದ್ದು ನಿಂತು, "ಬೇಡ," ಎಂದರು.

ಆ ಒಂದು ಮಾತು ಎಷ್ಟು ಗಡುಸಾಗಿತ್ತೆಂದರೆ ನನ್ನ ಬಾಯಲ್ಲಿದ್ದ ಬ್ರೆಡ್ಡು ಹಾಗೇ ನಿಂತಿತು. "ಮೋಟರ್ ಬಂದ್ರೆ ಮಣ್ಣು ಕಿತ್ತು ಹೋಗುತ್ತೆ. ಮಳೆ ಬಿದ್ದಾಗ ದಾರಿ ಕಾಲುವೆ ಆಗುತ್ತೆ. ಬೆಟ್ಟದ ಮೇಲೆ ಸದ್ದು ಯಾಕೆ ಬೇಕು? ಬೇಡ ಅಂದ್ರೆ ಬೇಡ."

"ಬೇಡ ಅನ್ನೋದು ನನಗಾ, ಸೈಕಲ್ಲಿಗಾ?" ಎಂದಳು ಚಿಕ್ಕಮ್ಮ.

ಚಿಕ್ಕಪ್ಪ ಮತ್ತೆ ಕೂತುಬಿಟ್ಟರು. ಅವರಿಗೆ ಕೋಪ ಬಂದರೆ ಕಿವಿ ಕೆಂಪಾಗುತ್ತದೆ. ಅವತ್ತು ಮುಖ ಬಿಳಿಚಿಕೊಂಡಿತ್ತು. ಗಂಡಸಿನ ಜಂಬ, ಹೆಂಡತಿ ಮುಂದೆ ಹೋಗುತ್ತಾಳೆಂಬ ಹೊಟ್ಟೆಯುರಿ ಎಂದು ನಾನು ಒಳಗೊಳಗೇ ಮೂಗು ಮುರಿದೆ. ಕೊನೆಗೆ ಮೇಷ್ಟ್ರೇ ಒಂದು ತೀರ್ಮಾನ ಕೊಟ್ಟರು: ಬ್ರೇಕಮ್ಮ ಬ್ಯಾಟರಿ ಸೈಕಲ್ಲಿನಲ್ಲಿ ಬರಬಹುದು, ಆದರೆ ಎಲ್ಲರಿಗಿಂತ ಹಿಂದೆ ಬರಬೇಕು. ಆಗ ಯಾರಿಗೂ ಅನ್ಯಾಯವಾಗುವುದಿಲ್ಲ.

ಹಿಂದೆ ಬರುವುದು ಚಿಕ್ಕಮ್ಮನಿಗೇನು ಹೊಸದಲ್ಲ. ಹಾಗೆಯೇ ಹೋದಳು, ಕೆಲವು ವಾರ. ಮೊದಲ ದಿನವೇ ಒಂದು ಎಡವಟ್ಟು ಮಾಡಿಕೊಂಡಳು. ಕಡಿದಾದ ತಿರುವಿನಲ್ಲಿ ನಿಂತು, ರೂಢಿಯಂತೆ ಒಂದು ಕಾಲನ್ನು ಪೆಡಲಿನ ಮೇಲೆ ಭಾರ ಬಿಟ್ಟು ಇಟ್ಟಳಂತೆ. ಬ್ಯಾಟರಿ ಸೈಕಲ್ಲಿಗೆ ಅಷ್ಟು ಸಾಕು, ಇವಳು ಹೊರಟಳೆಂದೇ ತಿಳಿದು ಮುಂದಕ್ಕೆ ಹಾರಿತು. ಇವಳು ಪೊದೆಯೊಳಗೆ, ಸೈಕಲ್ಲು ಅವಳ ಮೇಲೆ. "ಆಸ್ಪತ್ರೆಯಲ್ಲಿ ಅಷ್ಟು ಯಂತ್ರ ನೋಡಿದ್ದೀನಿ, ಕಾಲು ಇಟ್ಟಿದ್ದಕ್ಕೇ ಹೊರಟುಬಿಡೋ ಯಂತ್ರ ನೋಡಿರಲಿಲ್ಲ," ಎಂದು ಸೊಂಟ ಹಿಡಿದುಕೊಂಡು ನಕ್ಕಳು.

ಆದರೆ ಅದಾದ ಮೇಲೆ ಅವಳು ಹೇಳಿದ ಮಾತುಗಳು ಬೇರೆ ಬಗೆಯವು. ಅಷ್ಟು ವರ್ಷ ಹತ್ತಿದ ಬೆಟ್ಟವನ್ನು ಅವಳು ನೋಡಿಯೇ ಇರಲಿಲ್ಲವಂತೆ. ಕಿವಿ ತುಂಬ ತನ್ನದೇ ಏದುಸಿರು, ಕಣ್ಣ ಮುಂದೆ ಮುಂದಿನ ಚಕ್ರ, ಬಾಯಲ್ಲಿ ಉಪ್ಪು, ಅವಳಿಗೆ ಬೆಟ್ಟ ಎಂದರೆ ಅಷ್ಟೇ ಆಗಿತ್ತು. ಈಗ ಬೆನ್ನ ಮೇಲೆ ಕೈಯಿಟ್ಟಂತೆ ಸೈಕಲ್ಲು ನೂಕುತ್ತಿದ್ದರೆ, ಉಸಿರಿನ ಸದ್ದು ಅಡಗಿ, ಅದರ ಹಿಂದೆ ಇಷ್ಟು ದಿನ ಅವಿತಿದ್ದ ಸದ್ದುಗಳು ಒಂದೊಂದಾಗಿ ಹೊರಗೆ ಬಂದವು. ಎಲೆಯಿಂದ ಎಲೆಗೆ ಹನಿ ಜಾರುವ ಸದ್ದು. ತೊಗಟೆಯ ಕೆಳಗೆ ಏನೋ ಕೆರೆಯುವ ಸದ್ದು. ಮಂಜಿನ ಒಳಗೆ ಎಲ್ಲೋ ಮೇಷ್ಟ್ರ ಕೆಮ್ಮು. ಮಂಜು ತೆಳುವಾಗುವ ಕಡೆ ಮರಗಳು ಒಂದೊಂದೇ ಹೆಜ್ಜೆ ಹತ್ತಿರ ಬಂದು ತಮ್ಮ ಮುಖ ತೋರಿಸಿ ಹಿಂದೆ ಸರಿಯುತ್ತಿದ್ದವು. ತಾನು ಹತ್ತುತ್ತಿದ್ದೇನೋ, ನಿದ್ದೆಯಲ್ಲಿ ತೇಲುತ್ತಿದ್ದೇನೋ ಗೊತ್ತಾಗುತ್ತಿರಲಿಲ್ಲವಂತೆ. "ಕನಸಲ್ಲಿ ನಮಗೆ ದಮ್ಮು ಕಟ್ಟುತ್ತಾ? ಇಲ್ಲ ತಾನೇ? ಹಾಗಿರುತ್ತೆ ಕಣೇ," ಎಂದಳು. ನನಗೆ ಮೊದಲ ಬಾರಿ ಆ ಬೆಟ್ಟದ ಮೇಲೆ ಸ್ವಲ್ಪ ಆಸೆ ಹುಟ್ಟಿತು, ಅವಳಿಗೆ ಹೇಳಲಿಲ್ಲ.

ತುದಿಗೆ ಮಾತ್ರ ಅವಳು ಕೊನೆಗೇ ತಲುಪುತ್ತಿದ್ದಳು. ಕೆಳಗೆ ಅದೇ ಚಾವಣಿ, ಅದೇ ಟ್ಯಾಂಕು. ಮೇಷ್ಟ್ರ ಬೆನ್ನನ್ನೇ ನೋಡುತ್ತ, ಕಾಲ ಕೆಳಗೆ ಓಡಲು ತುದಿಗಾಲಲ್ಲಿ ನಿಂತ ಮೋಟರನ್ನು ಹಿಡಿದಿಡುತ್ತ, ಮನಸ್ಸು ಮಾಡಿದರೆ ಇವತ್ತೇ ನೋಡಬಹುದು, ಇವತ್ತೇ ನೋಡಬಹುದು ಎಂದುಕೊಳ್ಳುತ್ತ ಹತ್ತುವುದು ದೊಡ್ಡ ಹಿಂಸೆಯಾಯಿತು. ಬೇಕರಿಯವರು ಆಗಲೇ ಊರುಗೋಲು ಬಿಟ್ಟಿದ್ದರು. ಇನ್ನು ಸ್ವಲ್ಪ ದಿನಕ್ಕೆ ಸೈಕಲ್ಲು ವಾಪಸು ಕೊಡಬೇಕು. ಚಳಿಗಾಲವೂ ಮುಗಿಯುತ್ತಿತ್ತು.

ಒಂದು ಶನಿವಾರ ಸಂಜೆ ಕೆಲಸ ಮುಗಿಸಿ ನಾವಿಬ್ಬರೂ ಚಿಕ್ಕಪ್ಪನ ಅಂಗಡಿಗೆ ಹೋದೆವು. ಅವರು ಯಾರದೋ ಪೆಟ್ಟಿಗೆಯ ಕೀಲಿಕೈ ಅರದಿಂದ ಉಜ್ಜುತ್ತಿದ್ದರು. ಒಳಗೆ ಜಾಗವಿಲ್ಲದೆ ನಾನು ಹೊಸ್ತಿಲಲ್ಲೇ ನಿಂತೆ. ಚಿಕ್ಕಮ್ಮ ಸುತ್ತಿ ಬಳಸಿ ಮಾತಾಡುವವಳಲ್ಲ.

"ರೀ, ನಾಳೆ ನಾನು ಮುಂದೆ ಹೋಗ್ತೀನಿ. ಮಂಜು ನೋಡ್ತೀನಿ."

ಅರ ನಿಂತಿತು. "ಎಲ್ಲರೂ ಸೇರಿ ಮಾಡಿದ ಮಾತು ಅದು."

"ಮೇಷ್ಟ್ರ ಹತ್ತಿರ ಆಮೇಲೆ ಬೈಸ್ಕೋತೀನಿ. ನೀವು ಹೇಳಿ, ನಿಮಗೇನು ಕಷ್ಟ?"

"ಮಣ್ಣು..."

"ಮಣ್ಣಿನ ಮಾತು ಬಿಡಿ. ನಿಮ್ಮ ಕಣ್ಣಿಗೆ ಅಷ್ಟು ವರ್ಷ ಕಂಡಿದ್ದು ನನ್ನ ಕಣ್ಣಿಗೆ ಒಂದು ದಿನ ಯಾಕೆ ಬೇಡ?"

ಚಿಕ್ಕಪ್ಪ ಕೀಲಿಕೈಯನ್ನು ಬೆಳಕಿಗೆ ಹಿಡಿದು ನೋಡಿದರು, ಊದಿದರು, ಮತ್ತೆ ನೋಡಿದರು. "ನಾನು ಹೇಳ್ತೀನಲ್ಲ ನಿನಗೆ," ಎಂದರು ಕೊನೆಗೆ. "ಪ್ರತಿ ವಾರ ಹೇಳ್ತೀನಲ್ಲ. ಸಾಲದಾ?"

ಅವರ ದನಿಯಲ್ಲಿ ಜಂಬವಿರಲಿಲ್ಲ. ಏನೋ ಬೇಡಿಕೊಳ್ಳುವ ಹಾಗಿತ್ತು. ನನಗೆ ಕಸಿವಿಸಿಯಾಗಿ ರಸ್ತೆ ನೋಡುತ್ತ ನಿಂತೆ. ಚಿಕ್ಕಮ್ಮನಿಗೂ ಅದು ತಾಕಿರಬೇಕು. ಆದರೂ ಪಟ್ಟು ಬಿಡಲಿಲ್ಲ. "ಸಾಲದು," ಎಂದು ಹೊರಗೆ ಬಂದಳು.

ಮಾರನೆಯ ಬೆಳಗ್ಗೆ ಕಾವಲುಗಾರ ಅಡ್ಡಗಂಬ ಎತ್ತಿದ್ದೇ ತಡ, ಚಿಕ್ಕಮ್ಮ ಮೋಟರಿನ ಬಲವನ್ನು ಕೊನೆಯ ಗುರುತಿಗೆ ಏರಿಸಿ ಹೊರಟೇ ಬಿಟ್ಟಳು. ಹಿಂದಿನಿಂದ ಮೇಷ್ಟ್ರು, "ಬ್ರೇಕಮ್ಮಾ, ಇದು ಸರಿಯಲ್ಲ!" ಎಂದು ಕೂಗಿದರು. ಔಷಧಿ ಅಂಗಡಿಯ ಅಕ್ಕ ಸಿಳ್ಳೆ ಹಾಕಿದಳು. ಆ ಗಲಾಟೆಯೊಳಗೆ ಚಿಕ್ಕಪ್ಪನ ದನಿ, "ಇವಳೇ, ನಿಲ್ಲೇ, ಒಂದು ಮಾತು ಕೇಳು," ಎಂದದ್ದು ಕೇಳಿಸಿತಂತೆ. ಆಮೇಲೆ ಮಂಜು ಎಲ್ಲ ದನಿಗಳನ್ನೂ ಒಳಗೆ ಎಳೆದುಕೊಂಡಿತು.

ಮುಂದಿನದನ್ನು ಅವಳು ಹೇಳುವಾಗ ಬಹಳ ಬೆಡ್‌ಶೀಟುಗಳು ಬೇಕಾದವು.

ತುದಿಗೆ ಬಂದಾಗ ಸೂರ್ಯ ಇನ್ನೂ ಎದ್ದಿರಲಿಲ್ಲ. ಸೈಕಲ್ಲು ಒರಗಿಸಿ ಬಂಡೆಯ ಮೇಲೆ ನಿಂತಳು. ಕೆಳಗೆ ಊರಿರಲಿಲ್ಲ. ಕಡಲೂ ಇರಲಿಲ್ಲ, ಅಲೆಯೂ ಇರಲಿಲ್ಲ, ಕುರಿಮಂದೆಯೂ ಇರಲಿಲ್ಲ. ಮಂಜು ಅಲ್ಲಾಡಲೇ ಇಲ್ಲ. ಬೆಟ್ಟದ ಬುಡದಿಂದ ಕಣ್ಣು ಹೋಗುವವರೆಗೆ ಒಂದೇ ಸಮನೆ ಹಾಸಿತ್ತು. ಬಿಳಿ ಕೂಡ ಅಲ್ಲ, ನೀಲಿ ಹಾಕಿ ಹಿಂಡಿದ ಬಟ್ಟೆಯ ಬಣ್ಣ. ಸದ್ದು ಎಂಬುದೇ ಇಲ್ಲ. ತನ್ನ ಮನೆ, ತಾನು ದಿನಾ ನಡೆಯುವ ಬೀದಿ, ವಾರ್ಡುಗಳಲ್ಲಿ ಮಲಗಿದ ರೋಗಿಗಳು, ನಿದ್ದೆಯಲ್ಲಿ ಮಗ್ಗುಲು ಬದಲಿಸುತ್ತಿರುವ ನಾನು, ಎಲ್ಲರೂ ಆ ಹೊದಿಕೆಯ ಕೆಳಗೆ. ಎಲ್ಲರಿಗೂ ತಾನೇ ಹೊದಿಸಿದಂತೆ ಅನ್ನಿಸಿತಂತೆ ಅವಳಿಗೆ.

ಆ ಹೊದಿಕೆಯ ನಡುವೆ ಒಂದೇ ಒಂದು ವಸ್ತು ಎದ್ದು ನಿಂತಿತ್ತು. ನಮ್ಮ ಬಟ್ಟೆ ಒಗೆಯುವ ವಿಭಾಗದ ಬಾಯ್ಲರಿನ ಚಿಮಣಿ. ಊರಿನಲ್ಲಿ ಅದಕ್ಕಿಂತ ಎತ್ತರದ್ದು ಬೇರೆ ಇಲ್ಲ. ಭಾನುವಾರವೂ ಬಾಯ್ಲರ್ ಉರಿಯುತ್ತದಲ್ಲ, ಅದರ ಹೊಗೆ ಸೂಜಿಗೆ ಪೋಣಿಸಿದ ದಾರದಂತೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಇಡೀ ಲೋಕದಲ್ಲಿ ಉಳಿದಿರುವುದು ತಾನು, ಮತ್ತು ತಾನು ಕೆಲಸ ಮಾಡುವ ಜಾಗ, ಇವೆರಡೇ. "ಜೋರಾಗಿ ಅಳು ಬಂತು ಕಣೇ," ಎಂದಳು. "ಖುಷಿಗೆ."

ಸೂರ್ಯ ಎದ್ದ. ಮಂಜು ಎಲ್ಲಿಗೂ ಹೋಗಲಿಲ್ಲ, ಇದ್ದಲ್ಲೇ ಸವೆಯಿತು. ಕಿಟಕಿಗೆ ಹಿಡಿದ ಹಳೆಯ ಬೆಡ್‌ಶೀಟಿನಂತೆ ಮೊದಲು ನಡುವೆ ತೆಳುವಾಗಿ, ಬೆಳಕು ತೂರಿ, ಒಂದು ಚಾವಣಿ ಕಂಡಿತು, ಆಮೇಲೆ ಒಂದು ಟ್ಯಾಂಕು. ನೋಡನೋಡುತ್ತಿದ್ದಂತೆ ಊರು ಬಂದು ತನ್ನ ಜಾಗದಲ್ಲಿ ಕೂತಿತು.

ಆಗ ಅವಳಿಗೆ ಹೊಳೆಯಿತು. ಅಷ್ಟು ವರ್ಷ, ಅಷ್ಟು ಭಾನುವಾರ, ಅಷ್ಟೊಂದು ಬಗೆಯ ಮಂಜು ಹೇಳಿದ ಗಂಡ ಒಂದು ಸಲವಾದರೂ ಚಿಮಣಿಯ ಮಾತೆತ್ತಿರಲಿಲ್ಲ.

ಖುಷಿಯೆಲ್ಲ ಇಳಿದು ಹೋಯಿತು. ಕಣ್ಣಿದ್ದವರಿಗೆ ಕಾಣದೆ ಇರುವಂಥದ್ದಲ್ಲ ಅದು. ಹಾಗಾದರೆ ಕಂಡೂ ಹೇಳಲಿಲ್ಲವೇ? ಹೆಂಡತಿ ದಿನಾ ಬೇಯುವ ಜಾಗ ಅದು, ಅವಳಿಗೆ ಹೇಳಬೇಕು ಎಂದು ಒಮ್ಮೆಯೂ ಅನ್ನಿಸಲಿಲ್ಲವೇ? ಬಂಡೆಯ ಮೇಲೆ ಕುಕ್ಕರಿಸಿದಳು. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಅಷ್ಟರಲ್ಲಿ ಮರಗಳ ನಡುವಿನಿಂದ ಚಿಕ್ಕಪ್ಪ ಬಂದರು. ಜೀವಮಾನದಲ್ಲಿ ಅಷ್ಟು ಜೋರಾಗಿ ಹತ್ತಿರಲಿಕ್ಕಿಲ್ಲ, ಸೈಕಲ್ಲು ಅಲ್ಲೇ ಕೆಡವಿ, ಮಂಡಿಗೆ ಕೈಯೂರಿ ನಿಂತರು. ಕೆಳಗೆ ನೋಡಲಿಲ್ಲ, ಅವಳ ಮುಖವನ್ನೇ ನೋಡಿದರು.

"ಒಂದು ಕೇಳ್ತೀನಿ," ಎಂದಳು ಚಿಕ್ಕಮ್ಮ. "ಇಷ್ಟು ವರ್ಷ ನಿಮಗೆ ಮಂಜಿನ ಮೇಲೆ ಏನಾದ್ರೂ ಎದ್ದು ಕಾಣುತ್ತಿತ್ತಾ?"

"ಏನೂ ಇಲ್ಲ. ಬರೀ ಬಿಳಿ."

"ನನ್ನ ಚಿಮಣಿ ಇತ್ತು."

ಚಿಕ್ಕಪ್ಪ ಆಗಷ್ಟೇ ತಿರುಗಿ ಕೆಳಗೆ ನೋಡಿದರು.

"ಇವತ್ತು ನನಗೆ ನಿಜ ಹೇಳಿ. ನೀವು ಸುಳ್ಳುಗಾರರಾ? ಇಲ್ಲಾ ನಾನೆಲ್ಲಿ ಕೆಲಸ ಮಾಡ್ತೀನಿ ಅನ್ನೋದೇ ನಿಮ್ಮ ಕಣ್ಣಿಗೆ ಬಿದ್ದಿಲ್ವಾ? ಎರಡರಲ್ಲಿ ಒಂದು ಹೇಳಿ."

"ಸುಳ್ಳುಗಾರ," ಎಂದರಂತೆ ಚಿಕ್ಕಪ್ಪ. "ಒಂದು ದಿನವೂ ನೋಡಿಲ್ಲ. ಎಷ್ಟು ಜೋರಾಗಿ ಬಂದ್ರೂ ನಾನು ಬರೋ ಹೊತ್ತಿಗೆ ಹೋಗಿರುತ್ತೆ. ಮೊದಲನೇ ಸಲ ಬೇಕರಿಯವರು ಮಂಜು ಕಂಡಿತಾ ಅಂತ ಕೇಳಿದ್ರು, ಹೂಂ ಅಂದುಬಿಟ್ಟೆ. ಆಮೇಲೆ ನೀನು ಬಂದೆ. ಮೊಣಕಾಲು ತರಚಿಕೊಂಡು, ಸೈಕಲ್ ತಳ್ಕೊಂಡು. ಹೇಗಿತ್ತು ಹೇಳಿ ಅಂದೆ. ಅಷ್ಟು ಕಷ್ಟಪಟ್ಟು ಬಂದವಳಿಗೆ ಏನೂ ಇರಲಿಲ್ಲ ಅಂತ ಹೇಗೆ ಹೇಳಲಿ? ಮುಂದಿನ ವಾರ ನೀನು ಬರದೇ ಹೋದ್ರೆ?"

ಇದನ್ನು ಹೇಳುತ್ತ ಬೆಡ್‌ಶೀಟಿನ ಅಂಚು ನನ್ನ ಕೈಗೆ ಕೊಡುವಾಗ ಚಿಕ್ಕಮ್ಮನ ಮುಖ ಹೊಸ ಮದುವಣಗಿತ್ತಿಯ ಮುಖದ ಹಾಗಿತ್ತು. ಗಂಡ ತನಗೆ ಅಷ್ಟು ವರ್ಷ ಸುಳ್ಳು ಹೇಳಿದ್ದು ಗೊತ್ತಾಗಿ ಇಷ್ಟು ಸಂತೋಷಪಟ್ಟ ಹೆಂಗಸನ್ನು ನಾನು ಬೇರೆ ಕಂಡಿಲ್ಲ. ವಾರವೆಲ್ಲ ಆ ಇಕ್ಕಟ್ಟಿನ ಅಂಗಡಿಯಲ್ಲಿ ಕೂತು, ಅರ ಉಜ್ಜುತ್ತ, ಈ ಭಾನುವಾರ ಇವಳಿಗೆ ಎಂಥ ಮಂಜು ಕೊಡಲಿ ಎಂದು ಆ ಮೂಗಬಸವ ಯೋಚಿಸುತ್ತಿದ್ದರು. ಅವರನ್ನು ಹೊಟ್ಟೆಕಿಚ್ಚಿನವರು ಅಂದುಕೊಂಡಿದ್ದೆನಲ್ಲ!

ಅಷ್ಟರಲ್ಲಿ ಬೆಟ್ಟದ ತುದಿಗೆ ಮೇಷ್ಟ್ರು, ಔಷಧಿ ಅಂಗಡಿಯ ಅಕ್ಕ ತಲುಪಿದರಂತೆ. ರೂಢಿಯಂತೆ ಬಂಡೆಯ ಸುತ್ತ ಕೂತು ಚಿಕ್ಕಪ್ಪನ ಕಡೆ ನೋಡಿದರು.

"ಇವತ್ತು ಮೊದಲು ಬಂದವಳು ಇವಳು. ಇವಳೇ ಹೇಳ್ತಾಳೆ," ಎಂದರು ಚಿಕ್ಕಪ್ಪ.

ಮೇಷ್ಟ್ರ ಹುಬ್ಬು ಗಂಟಾಯಿತು. "ಮೋಟರಲ್ಲಿ ಬಂದವರ ಮಂಜು ಲೆಕ್ಕಕ್ಕಿಲ್ಲ."

"ಲೆಕ್ಕಕ್ಕಿರೋದು ಅದೊಂದೇ ಮೇಷ್ಟ್ರೇ," ಎಂದರು ಚಿಕ್ಕಪ್ಪ. ಎದ್ದು ನಿಂತು, ಕೈ ಕಟ್ಟಿಕೊಂಡು, ತರಗತಿಯಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಹೇಳಿದರಂತೆ: "ನಾನು ಹೇಳಿದ್ದೆಲ್ಲ ಕಟ್ಟುಕತೆ. ಬರೀ ಕಾಲಲ್ಲಿ ತುಳಿದು ಬಂದವರಿಗೆ ಯಾರಿಗೂ ಅದನ್ನ ನೋಡೋಕಾಗಲ್ಲ."

ಏಣಿ ಎಂಬ ಹೆಸರು, ಅಷ್ಟು ವರ್ಷದ ಮಾನ, ಎಲ್ಲವನ್ನೂ ಹೆಂಡತಿಗಾಗಿ ಆ ಬಂಡೆಯ ಮೇಲೆ ಬಿಚ್ಚಿಟ್ಟು ನಿಂತಿದ್ದರು. ಔಷಧಿ ಅಂಗಡಿಯ ಅಕ್ಕನಿಗೇ ಮೊದಲು ನಗು ಬಂತು. "ಕುರಿಮಂದೆ ಬಂದಾಗಲೇ ನನಗೆ ಅನುಮಾನ ಇತ್ತು," ಎಂದಳು. ಮೇಷ್ಟ್ರು ನಗಲಿಲ್ಲ. ಶೂ ಬಿಚ್ಚಿ, ಒಳಗಿನ ಕಲ್ಲು ಕೊಡವಿ, ಮತ್ತೆ ಹಾಕಿಕೊಂಡರು. ಆಮೇಲೆ ಯಾರ ಮುಖವನ್ನೂ ನೋಡದೆ, "ಎಷ್ಟು ಹೊತ್ತು ಇತ್ತು ಬ್ರೇಕಮ್ಮ?" ಎಂದು ಕೇಳಿದರು.

"ಮೂರ್ನಾಲ್ಕು ಬೆಡ್‌ಶೀಟ್ ಮಡಚೋ ಅಷ್ಟು ಹೊತ್ತು," ಎಂದು ಚಿಕ್ಕಮ್ಮ ಶುರುಮಾಡಿದಳು. ಕಡಲಿಲ್ಲದ, ಅಲೆಯಿಲ್ಲದ, ಅಲ್ಲಾಡದ ಮಂಜು. ಅವಳಿಗೆ ಗಂಡನಂತೆ ಹೇಳಲು ಬರುವುದಿಲ್ಲ. ಆದರೂ ಯಾರೂ ನಡುವೆ 'ಹ್ಞೂಂ' ಕೂಡ ಅನ್ನಲಿಲ್ಲ. ಚಿಕ್ಕಪ್ಪ ಮಾತ್ರ ಕಣ್ಣು ಮುಚ್ಚಿಕೊಂಡು ಕೇಳಿದರಂತೆ.

"ಆಮೇಲೆ ಮೇಷ್ಟ್ರು ಮೋಟರಿಗೆ ಒಪ್ಪಿದ್ರಾ?" ಎಂದು ನಾನು ಕೇಳಿದೆ.

"ಅವರೆಲ್ಲಿ ಒಪ್ತಾರೆ? ನೋಡದೇ ಸತ್ತರೂ ಪರವಾಗಿಲ್ಲ, ಉಸಿರು ಕೊಟ್ಟೇ ಹತ್ತೋದು ಅಂದ್ರು. ಅದೂ ಸರಿಯೇ ಬಿಡು."

"ಚಿಕ್ಕಪ್ಪ? ಅವರಾದ್ರೂ ಒಂದ್ಸಲ ಆ ಸೈಕಲ್ ಹತ್ತಬಹುದಲ್ಲ?"

ಚಿಕ್ಕಮ್ಮ ನನ್ನಿಂದ ದೂರ ಸರಿದು ಬೆಡ್‌ಶೀಟು ಎಳೆದಳು. ಯಂತ್ರಗಳ ಗದ್ದಲ ನಮ್ಮಿಬ್ಬರ ನಡುವೆ ತುಂಬಿತು. ಅಂಚು ಕೂಡಿಸಿ ಮತ್ತೆ ಹತ್ತಿರ ಬಂದಾಗ ಅವಳ ಕಣ್ಣಲ್ಲಿ ನೀರಿತ್ತು.

"ಇಳಿದು ಬರೋವಾಗ ನಾನೂ ಅದನ್ನೇ ಕೇಳಿದೆ. ಅದನ್ನ ಹತ್ತಲ್ಲ ಅಂದ್ರು. ಮುಂದಿನ ವಾರ ನಿನ್ನ ಸೈಕಲ್ಲಿಗೆ ಹಗ್ಗ ಕಟ್ಟಿ ನನ್ನ ಎಳ್ಕೊಂಡು ಹೋಗ್ತೀಯಾ, ನಾನೂ ಹಿಂದೆ ತುಳೀತಾ ಬರ್ತೀನಿ ಅಂದ್ರು. ಮೋಟರ್ ಮೇಲೆ ಕೂರೋಕೆ ನನಗೆ ನಾಚಿಕೆ, ಹೆಂಡತಿ ಹಿಂದೆ ಬರೋಕೆ ಏನು ನಾಚಿಕೆ ಅಂದ್ರು ಕಣೇ."

ಹೇಳಿ ಮುಗಿಸಿ, ಕೈಯಲ್ಲಿದ್ದ ಬೆಡ್‌ಶೀಟಿನಲ್ಲೇ ಕಣ್ಣೊರೆಸಿ ಮೂಗೊರೆಸಿಕೊಂಡಳು. ಅದನ್ನು ಮತ್ತೆ ಒಗೆಯಲು ಹಾಕಬೇಕಾಯಿತು.